ಗಂಡು ಇಲಿಗಳ ಕೊನೆಯ ಪ್ಯಾರಾ

ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತಾರು ವರ್ಷ ಕೂತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾವುದನ್ನು ಓದಿದರೂ ಬುಡದಿಂದ ಕತ್ತರಿಸಬೇಕೆನ್ನಿಸುತ್ತದೆ. ನಮ್ಮಲ್ಲಿ ಅದು ನಿಯಮ. ಮುಖ್ಯವಾದದ್ದೆಲ್ಲ ಮೇಲೆ, ಅಲ್ಲದ್ದು ಕೆಳಗೆ. ಹೊತ್ತು ಮೀರಿ ಜಾಹೀರಾತು ಬಂದು ಜಾಗ ಕಡಿಮೆಯಾದರೆ ಕಣ್ಣು ಮುಚ್ಚಿಕೊಂಡು ಕೊನೆಯ ಪ್ಯಾರಾ ತೆಗೆದುಬಿಡಬಹುದು, ಸುದ್ದಿಗೆ ನೋವಾಗುವುದಿಲ್ಲ. ಲಗ್ನಪತ್ರಿಕೆಯನ್ನೂ ನಾನು ಮೇಲಿನ ಅರ್ಧ ಮಾತ್ರ ಓದುತ್ತೇನೆ. ಮದುವೆಯ ಸ್ಥಳವನ್ನು ಜನ ಯಾಕೋ ಕೆಳಗೆ ಹಾಕಿಸುತ್ತಾರೆ. ಹೀಗಾಗಿ ಒಮ್ಮೆ ಊರಾಚೆಯ ಕಾಕತಿಗೆ ಹೋಗಬೇಕಾದವನು ಊರೊಳಗಿನ ಸದಾಶಿವನಗರದ ಮಂಗಲ ಕಾರ್ಯಾಲಯಕ್ಕೆ ಹೋಗಿ, ಗುರುತಿಲ್ಲದ ಮದುಮಕ್ಕಳಿಗೆ ಉಡುಗೊರೆ ಕೊಟ್ಟು ಆಹೇರಿ ಮಾಡಿ, ಎರಡು ಹೋಳಿಗೆ ಉಂಡು ಬಂದಿದ್ದೇನೆ. ಊಟ ಚೆನ್ನಾಗಿತ್ತು. ನನ್ನ ಹೆಂಡತಿ ಗಿರಿಜಾ ಮಾತ್ರ ಅದನ್ನು ಇನ್ನೂ ಮರೆತಿಲ್ಲ.

ಇಷ್ಟಾದರೂ ನನ್ನ ಹೆಸರಿನಲ್ಲಿ ಬಂದ ಯಾವ ಸುದ್ದಿಗೂ ಈ ಇಪ್ಪತ್ತಾರು ವರ್ಷದಲ್ಲಿ ತಿದ್ದುಪಡಿ ಪ್ರಕಟವಾಗಿರಲಿಲ್ಲ. ಇದನ್ನು ನಾನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದೆ. ಹೇಳುವಾಗ ಧ್ವನಿ ತಗ್ಗಿಸುತ್ತಿದ್ದೆ, ವಿನಯದಿಂದ ಹೇಳಿದಂತೆ ಕಾಣಲಿ ಎಂದು. ಈ ದಾಖಲೆಯನ್ನು ಮುರಿದದ್ದು ಬೆರಳುದ್ದದ ಬಿಳಿ ಇಲಿಗಳು.

ನಗರದ ಒಂದು ಪ್ರಯೋಗಾಲಯದಲ್ಲಿ, ಜಾಂಬೋಟಿ ಕಡೆಯ ಕಾಡಿನಲ್ಲಿ ಸಿಗುವ ಒಂದು ಬೇರು ರಕ್ತದೊತ್ತಡ ಇಳಿಸುತ್ತದೆಯೇ ಎಂದು ಇಲಿಗಳ ಮೇಲೆ ಪರೀಕ್ಷೆ ನಡೆದಿತ್ತು. ಬೇರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದು ಅನುಭವಿಸಿದ್ದೇ ಸಾಕು. ವಿಷಯ ಚೆನ್ನಾಗಿದೆ ಎನ್ನಿಸಿ ನಾನೇ ಹೋದೆ. ಸಂಶೋಧನೆ ನಡೆಸುತ್ತಿದ್ದ ಡಾಕ್ಟರ್ ಸ್ಮಿತಾ ನನ್ನನ್ನು ಬಾಗಿಲಲ್ಲೇ ತಡೆದರು. "ಅಲ್ಲೇ ನಿಂದರ್ರಿ ಸರ್. ಗಂಡಸರ ವಾಸನಿ ಬಂದ್ರ ಇವು ಗಾಬರಿ ಆಗತಾವು. ಇವತ್ತ ಬಿಪಿ ನೋಡೂದೈತಿ, ಲೆಕ್ಕಾ ಎಲ್ಲಾ ಕೆಡತೈತಿ" ಎಂದರು. ನಾನು ಬೆಳಿಗ್ಗೆ ಸ್ನಾನ ಮಾಡಿಯೇ ಬಂದಿದ್ದೆ. ಹಾಗೆಂದು ಹೇಳಿದೆ ಕೂಡ. "ಸ್ನಾನದ್ದಲ್ರಿ, ಗಂಡಸ್ತನದ್ದು" ಎಂದು ಅವರು ನಗದೆ ಹೇಳಿದರು. ಹೊಸ್ತಿಲ ಮೇಲೆ ನಿಂತು ದೂರದಿಂದ ಪಂಜರಗಳನ್ನು ನೋಡಿದೆ. ಒಂದು ಪಂಜರದಲ್ಲಿ ಒಂದು ಇಲಿ ಇನ್ನೊಂದರ ಬಾಲ ಕಚ್ಚಿ ಅಟ್ಟಿಸಿಕೊಂಡು ಹೋಗುತ್ತಿತ್ತು. ಒಂದೇ ಕಡೆ ಇಟ್ಟರೆ ಯಜಮಾನ ಯಾರೆಂದು ತೀರ್ಮಾನವಾಗುವ ತನಕ ಹೀಗೇ ಎಂದರು. ನನಗೆ ನಮ್ಮ ಸಂಪಾದಕೀಯ ಸಭೆ ನೆನಪಾಯಿತು.

ವರದಿ ಬರೆಯಲು ಅನುಕೂಲವಾಗಲೆಂದು ಸ್ಮಿತಾ ಒಂದು ಟಿಪ್ಪಣಿ ಕೊಟ್ಟಿದ್ದರು. ಬೇರು ತಿಂದ ಇಲಿಗಳ ಬಿಪಿ ಇಳಿದಿದೆ ಎಂದು ಅದರ ಮೇಲ್ಭಾಗದಲ್ಲಿತ್ತು. ಕೊನೆಯ ಪ್ಯಾರಾದಲ್ಲಿ ಹೀಗಿತ್ತು: ಪರೀಕ್ಷೆಗೆ ಬಳಸಿದ ಇಲಿಗಳೆಲ್ಲ ಗಂಡು, ಹೆಣ್ಣಿನ ದೇಹದಲ್ಲಿ ಬೇರು ಏನು ಮಾಡುತ್ತದೋ ಇನ್ನೂ ಗೊತ್ತಿಲ್ಲ, ಮನುಷ್ಯರ ಮೇಲಂತೂ ಪರೀಕ್ಷೆಯೇ ಆಗಿಲ್ಲ, ಆದ್ದರಿಂದ ಯಾರೂ ವೈದ್ಯರು ಕೊಟ್ಟ ಗುಳಿಗೆ ನಿಲ್ಲಿಸಬಾರದು. ನಾನು ಅದನ್ನು ಅಷ್ಟೇ ಶ್ರದ್ಧೆಯಿಂದ ವರದಿಯ ಕೊನೆಯ ಪ್ಯಾರಾದಲ್ಲಿ ಬರೆದೆ. ಸಂಜೆ ಒಂದು ಸೀರೆ ಅಂಗಡಿಯ ಜಾಹೀರಾತು ಬಂತು. ಬುಡದಿಂದ ಕತ್ತರಿಸಿದೆ. ಮರುದಿನ ಮುಖಪುಟದಲ್ಲಿ ನನ್ನ ಹೆಸರಿನೊಂದಿಗೆ "ಬಿಪಿಗೆ ಜಾಂಬೋಟಿ ಬೇರು ಮದ್ದು" ಎಂದು ನಾಲ್ಕು ಕಾಲಮ್ಮಿಗೆ ಬಂತು. ಕೆಳಗೆ ಸೀರೆಯೂ ಚೆನ್ನಾಗಿ ಬಂದಿತ್ತು.

ಹತ್ತು ದಿನದ ಮೇಲೆ ಗಿರಿಜಾ ಚಹಾ ಕೊಡುತ್ತ, "ಅವ್ವ ಬಿಪಿ ಗುಳಿಗಿ ಬಿಟ್ಟಾಳಂತ್ರಿ. ನಿಮ್ಮ ಬೇರು ಕುದಿಸಿ ಕುಡ್ಯಾಕತ್ತಾಳ" ಎಂದಳು. ಅವ್ವ ಎಂದರೆ ಖಾನಾಪುರದಲ್ಲಿರುವ ನನ್ನ ಅತ್ತೆ. ಕನ್ನಡ ಸಾಲಿಯಲ್ಲಿ ಮೂವತ್ತು ವರ್ಷ ಅಕ್ಕೋರಾಗಿ ಪಾಠ ಹೇಳಿದವರು. ಅಳಿಯನ ಪತ್ರಿಕೆಯನ್ನು ಬಿಟ್ಟು ಬೇರೆ ಪತ್ರಿಕೆ ಓದದವರು. "ನೀವು ಬರದಿದ್ದು ಅಂದ್ರ ಆಕಿಗೆ ಪೂರಾ ಖರೇ" ಎಂದು ಗಿರಿಜಾ ಸೇರಿಸಿದಳು. ಕೊನೆಯ ಪ್ಯಾರಾದ ಸಂಗತಿ ಹೇಳಲೇಬೇಕಾಯಿತು. ಅವಳು ಪೂರ್ತಿ ಕೇಳಿ, "ಎಲ್ಲಾ ಗಂಡು ಇಲಿನ ಯಾಕ?" ಎಂದಳು. ಹೆಣ್ಣು ಇಲಿಗಳ ಮೈ ನಾಲ್ಕೈದು ದಿನಕ್ಕೊಮ್ಮೆ ಬದಲಾಗುತ್ತದಂತೆ, ಲೆಕ್ಕ ಸಿಗುವುದಿಲ್ಲವೆಂದು ಮೊದಲಿನಿಂದ ಗಂಡನ್ನೇ ತರಿಸುವ ರೂಢಿ ಇದೆಯಂತೆ ಎಂದೆ. "ಗಂಡಿನ ಲೆಕ್ಕ ಸಿಗತೈತ್ಯಂತೇನು?" ಎಂದಳು. ಬಾಗಿಲಲ್ಲಿ ತಡೆದ ಕಥೆಯನ್ನೂ ಹೇಳಿದೆ, ವಾತಾವರಣ ತಿಳಿಯಾಗಲಿ ಎಂದು. "ಗಂಡಸರಿಂದ ಬಿಪಿ ಏರೂದು ಇಲಿಗಷ್ಟ ಅಲ್ರಿ" ಎಂದು ಚಹಾದ ಕಪ್ಪು-ಬಸಿ ಎತ್ತಿಕೊಂಡು ಹೋದಳು.

ಅಂದೇ ಖಾನಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದು ಉಪಾಯ ಕಟ್ಟಿದೆ. ತಪ್ಪು ಒಪ್ಪಿಕೊಳ್ಳದೆ, ಹೊಸ ಸಂಶೋಧನೆ ಬಂದಿದೆ ಎಂಬಂತೆ ಮಾತಾಡಿ ಅತ್ತೆ ಗುಳಿಗೆ ನುಂಗುವಂತೆ ಮಾಡುವುದು. "ಬರ್ರಿ ಅಳಿಯಂದಿರ, ಕುಂದರ್ರಿ" ಎಂದು ಅತ್ತೆ ನೀರು ಕೊಟ್ಟರು. ಒಲೆಯ ಮೇಲೆ ಪಾತ್ರೆಯಲ್ಲಿ ಬೇರು ಕುದಿಯುತ್ತಿತ್ತು. ಅದರ ಹಿಂದಿನ ಗೋಡೆಗೆ ನನ್ನ ವರದಿಯನ್ನು ಅಂಟಿಸಿದ್ದರು, ನನ್ನ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದು. ಬಾಜೂ ಮನೆಯ ಸುಮನ್ ಕಾಕೂಗೆ ಇದನ್ನೇ ಮರಾಠಿಯಲ್ಲಿ ಓದಿ ಹೇಳಿದ್ದರಂತೆ. ಕಾಕೂ ಕೂಡ ಗುಳಿಗೆ ಬಿಟ್ಟಿದ್ದರು. "ಮುಂಜಾನೆ ಎದ್ರ ತಲಿ ಗರಾ ಗರಾ ತಿರಗತೈತಿ. ಬೇರು ಕೆಲಸಾ ಮಾಡಾಕತ್ತೈತಿ ಅನಸತೈತಿ" ಎಂದು ಅತ್ತೆ ಸಂತೋಷದಿಂದ ಹೇಳಿದರು. ನನ್ನ ಉಪಾಯ ಅಲ್ಲಿಗೆ ಮುಗಿಯಿತು. ಎಲ್ಲವನ್ನೂ ಹೇಳಿದೆ: ಗಂಡು ಇಲಿ, ಕೊನೆಯ ಪ್ಯಾರಾ, ಸೀರೆ ಅಂಗಡಿ.

ಅತ್ತೆ ಒಲೆ ಆರಿಸಲಿಲ್ಲ. "ಅಂದ್ರ ಇದನ್ನ ಒಂದೂ ಹೆಣ್ಣಿಲಿ ಕುಡದಿಲ್ಲ?" ಎಂದರು.

"ಇಲ್ರಿ."

"ಮೊದಲ ಕುಡದಾಕಿ ನಾನ?"

"ನೀವು, ಮತ್ತ ಕಾಕೂ."

ಅತ್ತೆ ಕುದಿಯುತ್ತಿದ್ದ ಬೇರನ್ನು ಸೌಟಿನಿಂದ ಒಮ್ಮೆ ತಿರುವಿದರು. ಮುಖದಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚು ಕಂಡಂತಾಗಿ ನನಗೆ ಭಯವಾಯಿತು. ಗುಳಿಗೆಯ ಪೊಟ್ಟಣ ಎದುರಿಗಿಟ್ಟು ಈಗಲೇ ಒಂದು ತಗೊಳ್ಳಿರಿ ಎಂದೆ. ಅತ್ತೆ ಅದನ್ನು ಹಿಂದಕ್ಕೆ ಸರಿಸಿದರು. "ನೋಡ್ರಿ, ನಮ್ಮ ಗಿರಿಜಾನ ಲಗ್ನದಾಗ ನೀವ ಹೇಳಿದ್ರಿ, ಅಚ್ಚಾಗದ್ದು ಸುದ್ದಿ ಅಲ್ಲ, ಬರೇ ಗಾಳಿ ಮಾತು ಅಂತ. ಬೇರು ಕುಡೀರಿ ಅಂದಿದ್ದು ಪೇಪರಿನ್ಯಾಗ ಬಂದೈತಿ. ಬಿಡ್ರಿ ಅನ್ನೂದು ಗಾಳಿ ಮಾತು. ನಾಳೆ ಪೇಪರಿನ್ಯಾಗ ಬರಲಿ, ನಾನೂ ತಗೋತೀನಿ, ಕಾಕೂಗೂ ಓದಿ ಹೇಳತೀನಿ." ಬೇಡಿಕೊಂಡೆ. ಪರಿಪರಿಯಾಗಿ ಹೇಳಿದೆ. ಮೂವತ್ತು ವರ್ಷ ಮಕ್ಕಳಿಂದ ತಪ್ಪು ತಿದ್ದಿಸಿ ಬರೆಸಿದ ಕೈ ಅದು, ಬಗ್ಗಲಿಲ್ಲ. ನಾನು ಹೊರಡಲು ಏಳುವಾಗ, "ಒಳಗಿನ ಪುಟದಾಗ ಹಾಕಬ್ಯಾಡ್ರಿ, ಅಲ್ಲೆ ಅಕ್ಷರ ಸಣ್ಣ ಇರತಾವು, ನನಗ ಕಾಣಂಗಿಲ್ಲ" ಎಂದರು. ಏಳನೇ ಪುಟದಲ್ಲಿ ರೈಲು ವೇಳಾಪಟ್ಟಿಯ ಕೆಳಗೆ ಹಾಕಬೇಕೆಂದು ನಾನು ಅದೇ ಕ್ಷಣ ಯೋಚಿಸುತ್ತಿದ್ದೆ.

ಬಸ್ಸಿನಲ್ಲಿ ಬರೆಯಲು ಕೂತೆ. ಬೇರೆಯವರ ತಪ್ಪಿನ ಬಗ್ಗೆ ಎಷ್ಟು ಸರಾಗವಾಗಿ ಬರೆಯುತ್ತಿದ್ದೆನೆಂದು ಆಗ ತಿಳಿಯಿತು. ಮೊದಲು "ಸ್ಥಳಾಭಾವದಿಂದ ಕೆಲವು ಮಾಹಿತಿ ಬಿಟ್ಟುಹೋಗಿರುತ್ತದೆ" ಎಂದು ಬರೆದೆ. ಓದಿದರೆ ತಪ್ಪೆಲ್ಲ ಸ್ಥಳದ್ದು, ನಾನು ಆ ಊರಲ್ಲೇ ಇರಲಿಲ್ಲ ಎಂಬಂತಿತ್ತು. ಹರಿದು ಮತ್ತೆ ಬರೆದೆ. ಗುಳಿಗೆ ನಿಲ್ಲಿಸಿದವರು ಇಂದೇ ವೈದ್ಯರನ್ನು ಕಾಣಬೇಕು ಎಂಬುದು ಮೊದಲ ಸಾಲು. ಇಲಿಗಳೆಲ್ಲ ಗಂಡು ಎಂಬುದು ಎರಡನೆಯದು. ಮನುಷ್ಯರ ಮೇಲೆ ಪರೀಕ್ಷೆ ಆಗಿಲ್ಲ ಎಂಬುದು ಮೂರನೆಯದು. ಈ ಮಾಹಿತಿಯನ್ನು ವರದಿಗಾರನೇ ಕತ್ತರಿಸಿದ್ದ ಎಂಬುದನ್ನು, ಅಭ್ಯಾಸದಂತೆ, ಕೊನೆಗೆ ಹಾಕಿದೆ. ಆಫೀಸಿಗೆ ಬಂದರೆ ಮುಖಪುಟಕ್ಕೆ ಅದೇ ಸೀರೆ ಅಂಗಡಿಯ ಜಾಹೀರಾತು ಕಾದಿತ್ತು. ಕತ್ತರಿಸಲು ಒಂದು ಸಾಲು ಬೇಕಿತ್ತು. ನನ್ನ ಕೈ ತಾನಾಗಿಯೇ ಕೊನೆಯ ಸಾಲಿಗೆ ಹೋಯಿತು. ಬಹಳ ಹೊತ್ತು ಅಲ್ಲೇ ನಿಂತಿತ್ತು ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಕಡೆಗೆ ಪಕ್ಕದಲ್ಲಿದ್ದ ಮಂತ್ರಿಗಳ ಭಾಷಣವನ್ನು ಕತ್ತರಿಸಿದೆ. ಅದಕ್ಕೆ ನಿಜವಾಗಿಯೂ ನೋವಾಗಲಿಲ್ಲ.

ಮರುದಿನ ಮುಂಜಾನೆ ಅತ್ತೆಯ ಫೋನು ಬಂತು. ಇಬ್ಬರೂ ಗುಳಿಗೆ ತಗೊಂಡು ದವಾಖಾನೆಗೆ ಹೊರಟಿದ್ದರು. ತಿದ್ದುಪಡಿಯನ್ನು ಹಳೆಯ ವರದಿಯ ಮೇಲೆಯೇ ಅಂಟಿಸಿದ್ದಾರಂತೆ. "ಕೆಂಪು ಗೆರಿ ಇದಕ್ಕೂ ಎಳದೀನ್ರಿ. ಅದಕ್ಕಿಂತ ಇದನ್ನ ಚಲೋ ಬರದೀರಿ" ಎಂದರು. ಸಂಜೆ ಇಬ್ಬರ ಬಿಪಿಯೂ ಸ್ವಲ್ಪ ಏರಿದೆ, ಹೆದರಬೇಕಾದ್ದಿಲ್ಲ ಎಂಬ ಸುದ್ದಿಯೂ ಬಂತು. ನನ್ನದನ್ನು ಯಾರೂ ನೋಡಲಿಲ್ಲ.

ಗಿರಿಜಾ ತಿದ್ದುಪಡಿಯನ್ನು ಎರಡು ಸಲ ಓದಿದಳು. ಮೆಚ್ಚುಗೆಯ ಮಾತು ಬರಬಹುದೆಂದು ಕಾದೆ. ಪತ್ರಿಕೆ ಮಡಚಿಟ್ಟು, "ಗಂಡಸು ತಪ್ಪು ಒಪ್ಪಿಕೊಂಡಿದ್ದು ಖರೇನ ದೊಡ್ಡ ಸಂಶೋಧನಾ. ಆದ್ರ ಒಂದ ಗಂಡಿನ ಮ್ಯಾಲ, ಒಂದ ಸಲ ಆಗೈತಿ. ಇನ್ನೂ ನಾಕ ಸಲ ಆಗಲಿ, ಆಮ್ಯಾಲ ನಂಬೂಣು" ಎಂದಳು. ಈ ಮಾತನ್ನು ಬೇಕೆಂದೇ ಕೊನೆಯ ಪ್ಯಾರಾದಲ್ಲಿ ಹಾಕಿದ್ದೇನೆ. ಜಾಹೀರಾತು ಬಂದರೆ ಕತ್ತರಿಸಬಹುದು.