ಮಾವನವರ ಹಗೆತನಕ್ಕೊಂದು ಹೆಸರು

೧೯೪೨ರ ಜ್ಯೇಷ್ಠ ಮಾಸ, ಸೋಮವಾರ, ಬೆಳಗ್ಗೆ ಒಂಬತ್ತು ಗಂಟೆ. ಕೊಪ್ಪಳದಲ್ಲಿದ್ದ ಇಂಗ್ಲಿಷರ ಟಪಾಲು ಕಚೇರಿ. ಹಾಜರಿದ್ದವರು ಮೂವರು: ಪೋಸ್ಟ್ ಮಾಸ್ತರರು, ನಾನು ಮತ್ತು ಬ್ರಿಟಿಷ್ ಸಾಮ್ರಾಜ್ಯದ ಪರಮ ಶತ್ರುಗಳಾದ ನಮ್ಮ ಮಾವನವರು. ಸಾಮ್ರಾಜ್ಯಕ್ಕೆ ಈ ವಿಷಯ ಇನ್ನೂ ತಿಳಿದಿರಲಿಲ್ಲ!

ನಮ್ಮದು ನಿಜಾಮರ ಸೀಮೆ. ನಮ್ಮೂರು ಇರಕಲ್ಲಗಡದಲ್ಲಿ ಬಿಳಿಯರನ್ನು ಕಣ್ಣಾರೆ ಕಂಡವರೇ ಇಲ್ಲ. ಆದರೂ ಮಾವನವರು ಚಹಾ ಮುಟ್ಟುತ್ತಿರಲಿಲ್ಲ. ಬಿಸ್ಕೀಟು ತಂದ ಬೀಗರನ್ನು ಅಂಗಳದಿಂದಲೇ ಸಾಗಹಾಕಿದ್ದರು. ಅಂಗಿಯ ಗುಂಡಿಯೂ ಇಂಗ್ಲಿಷರ ಹಿಕ್ಮತ್ತೆಂದು ಕಿತ್ತೆಸೆದು ದಾರದ ಕಸಿ ಕಟ್ಟಿಕೊಳ್ಳುತ್ತಿದ್ದರು. ಗಾಳಿ ಬೀಸಿದ ದಿನ ಊರಿಗೆಲ್ಲ ಅವರ ಹೊಟ್ಟೆಯ ದರ್ಶನ!

ಅವರ ಒಬ್ಬನೇ ಮಗ, ಅಂದರೆ ನನ್ನ ಯಜಮಾನರು, ಹೇಳದೆ ಕೇಳದೆ ಇಂಗ್ಲಿಷರ ಪಲ್ಟನ್ನು ಸೇರಿ ಬರ್ಮಾಕ್ಕೆ ಹೋದಂದಿನಿಂದ ಈ ವ್ರತ. ಎಂಟು ತಿಂಗಳಿಂದ ಅವರ ಕಾಗದವಿಲ್ಲ. ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. ಮೂರು ಪತ್ರ ಬರೆದೆ, ಮಾವನವರು ಹಾಕಿಬಂದರು, ಮೂರೂ ತಿರುಗಿ ಬಂದವು. ಬಾರದೆ ಏನು ಮಾಡುತ್ತವೆ? ಇಂಗ್ಲಿಷರ ರಾಜನ ಟಿಕೀಟು ಬೇಡವೆಂದು ನಿಜಾಮರ ಟಿಕೀಟು ಹಚ್ಚಿದ್ದರು! ನಾನು ಎರಡು ದಿನ ಊಟ ಬಿಟ್ಟ ಮೇಲೆ ನಾಲ್ಕನೆಯ ಪತ್ರ ಹಿಡಿದು ಈ ಕಚೇರಿಗೆ ಬಂದರು.

"ಯಜಮಾನ್ರ, ನಿಜಾಮರ ಟಿಕೀಟು ಅವರ ಸರಹದ್ದು ದಾಟೂದಿಲ್ರಿ" ಎಂದರು ಮಾಸ್ತರರು.

"ಆ ರಾಜನ ಮಾರಿ ಇದ್ದ ಟಿಕೀಟು ನಾ ಮುಟ್ಟಂಗಿಲ್ಲ."

"ನಿಮಗಾಗಿದ್ದು ಆಂಗ್ಲೋಫೋಬಿಯಾ ನೋಡ್ರಿ."

"ಅದೇನು, ಮೂಲವ್ಯಾಧಿಯಂಥಾದ್ದ?"

"ಅಲ್ರಿ, ಇಂಗ್ಲಿಷರ ಮ್ಯಾಲಿನ ಹಗೆತನಕ್ಕ ಹಂಗಂತಾರ."

ಮಾವನವರ ಮೀಸೆ ಅರಳಿತು. ತಮಗೆಂದೇ ಒಂದು ಶಬ್ದ ಹುಟ್ಟಿದೆಯಲ್ಲ! "ಛಲೋ ಐತಿ! ಯಾ ಊರಿಂದ ಬಂತು ಅದು?"

ಮಾಸ್ತರರು ದಪ್ಪ ಪುಸ್ತಕ ತೆಗೆದರು. "ಆಂಗಲ್ಸ್ ಅಂತ ಒಂದು ಹಳೇ ಕುಲ. ಅವರಿಂದನ ಇಂಗ್ಲೆಂಡ್ ಅನ್ನೋ ಹೆಸರು. ಫೋಬಿಯಾ ಅನ್ನೋದು ಗ್ರೀಕರ ಮಾತು. ಅಂಜಿಕಿ ಅಂತ ಅರ್ಥ."

"ಹಗೆತನ ಅಂದ್ರೆಲ್ಲ?"

"ಬಳಕಿಯೊಳಗ ಹಗೆತನ. ಮೂಲದಾಗ ಅಂಜಿಕಿ."

"ಅಂಜಿಕಿ? ನನಗ? ಅವರಪ್ಪಗೂ ಅಂಜಂಗಿಲ್ಲ ನಾ!" ಮೇಜಿನ ಮೇಲಿನ ಮಸಿ ದೌತಿಯೂ ನಡುಗಿತು.

ಮಾವನವರೆದುರು ಅಂದಿನವರೆಗೆ ನಾನು ಬಾಯಿ ತೆರೆದವಳಲ್ಲ. ಸೆರಗಿನ ಮರೆಯಿಂದಲೇ ಹೇಳಿದೆ: "ನನಗ ಭಾಳ ಅಂಜಿಕಿ ಆಗೇತ್ರಿ, ಮಾವ. ಬರ್ಮಾ ಜಪಾನರ ಕೈಗೆ ಹೋಗೇತಂತ. ಈ ಪತ್ರ ಆದ್ರೂ ಮುಟ್ಟಲಿ."

ಅವರು ನನ್ನ ಕಡೆ ನೋಡಲಿಲ್ಲ. ಮಾಸ್ತರರತ್ತ ಕೈ ಚಾಚಿದರು.

"ತರ್ರಿ, ಆ ರಾಜಂದು."

ಟಿಕೀಟನ್ನು ತಾವೇ ಹಚ್ಚಿ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಬಿಡಲೇ ಇಲ್ಲ. ಹತ್ತು ಗಂಟೆ, ಟಪಾಲು ಚೀಲ ಕಟ್ಟುವ ಹೊತ್ತಾಯಿತು.

"ಅಂಟೇತ್ರಿ ಯಜಮಾನ್ರ, ಬಿಡ್ರಿ ಇನ್ನ" ಎಂದರು ಮಾಸ್ತರರು.

"ತಡೀರಿ ಮಾಸ್ತರ. ಭಾಳ ದೂರ ಹೋಗಬೇಕದು."

ಮಾಸ್ತರರು ಹನ್ನೊಂದಕ್ಕೆ ಚೀಲದ ಬಾಯಿ ಕಟ್ಟಿದರು.