ಬೋರಲು ಬಿದ್ದ ಮೆಕ್ಯಾನಿಕ್

ಬೆಳ್ಳಂಬೆಳಿಗ್ಗೆ ಅದು ಮತ್ತೆ ಬಾಯಿ ಬಡಿದುಕೊಂಡಿತು. ಐಸ್‌ಕ್ರೀಮ್ ಗೋದಾಮಿನ ಯಂತ್ರದ ಕೋಣೆಯಲ್ಲಿ, ತಂಪು ಮಾಡುವ ಗ್ಯಾಸ್ ಸೋರಿದರೆ ಕೂಗಿ ಎಚ್ಚರಿಸಬೇಕಾದ ಸೆನ್ಸರ್ ಅದು. ಸೋರದಿದ್ದರೂ ಕೂಗುವುದು ಈಚೆಗೆ ಕಲಿತ ವಿದ್ಯೆ. ಅದು ಕೂಗಿದಾಗಲೆಲ್ಲ ಕೆಲಸದವರು ಹೊರಗೋಡಿ, ಬಿಸಿಲಲ್ಲಿ ನಿಂತು, ಊರವರ ಸಂಸಾರವನ್ನೆಲ್ಲ ವಿಚಾರಿಸಿ ಮುಗಿಸಿಯೇ ಒಳಗೆ ಬರುತ್ತಿದ್ದರು.

ಮ್ಯಾನೇಜರ್ ಮೆಕ್ಯಾನಿಕ್‌ನನ್ನು ಕರೆದರು. "ಸಂಜೆಯೊಳಗೆ ಅದು ಬಾಯಿ ಮುಚ್ಚಬೇಕು. ಇಲ್ಲಾಂದ್ರೆ ನಾಳೆಯಿಂದ ನೀನು ಬರಬೇಡ."

ಮೆಕ್ಯಾನಿಕ್ "ಕಾಯಂ ಕೆಲಸ" ಎಂದು ಎದೆ ತಟ್ಟಿ ಹೇಳಿ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಾವನೋ, ಮಗಳ ಮನೆಯಲ್ಲಿ ಹಾಲು ಉಕ್ಕಿದರೂ ಅಳಿಯನದೇ ತಪ್ಪು ಎನ್ನುವ ಮನುಷ್ಯ.

ಈ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೆಲ ಹಿಡಿಯುತ್ತದೆ. ಹಾಗಾಗಿ ಸೆನ್ಸರನ್ನು ನೆಲದಿಂದ ಗೇಣೆತ್ತರದಲ್ಲಿ ಕೂರಿಸಿದ್ದರು. ಅದರ ಮೂತಿ ನೋಡಬೇಕೆಂದರೆ ಬೋರಲು ಮಲಗಲೇಬೇಕು. ಮಲಗಿದ. ಕೆನ್ನೆಯನ್ನು ನೆಲಕ್ಕೊತ್ತಿ, ಬ್ರಷ್‌ನಿಂದ ಅದರ ಜಾಲರಿಯ ಧೂಳು ತೆಗೆಯತೊಡಗಿದ. ಆಗ ಒಳಬಂದ ಸ್ಟೋರ್‌ಕೀಪರ್‌ಗೆ ಕಂಡದ್ದು ಯಂತ್ರದ ಸಂದಿಯಿಂದ ಚಾಚಿದ್ದ ಎರಡು ಕಾಲು.

"ಅಯ್ಯಯ್ಯೋ, ಗ್ಯಾಸ್ ಕುಡಿದು ಬಿದ್ಬಿಟ್ಟಿದಾನೆ! ಬರ್ರೋ ಎಲ್ಲಾ!"

ಮೆಕ್ಯಾನಿಕ್ ಏಳುವ ಮೊದಲೇ ಕಾಲಿಗೊಬ್ಬರಂತೆ ಹಿಡಿದು, ಮೂಟೆ ಎಳೆದಂತೆ ಬಾಗಿಲವರೆಗೆ ಎಳೆದೇಬಿಟ್ಟರು.

"ನಂಗೇನೂ ಆಗಿಲ್ಲ ಕಣ್ರೀ!"

"ಗ್ಯಾಸ್ ಕುಡಿದೋರೆಲ್ಲ ಹಾಗೇ ಅನ್ನೋದು," ಎಂದ ಸ್ಟೋರ್‌ಕೀಪರ್. ಅಂಥವರೊಬ್ಬರನ್ನೂ ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಟೈಪಿಸ್ಟ್ ಓಡಿಬಂದು, ಎಚ್ಚರವಾಗಲಿ ಎಂದು ತನ್ನ ಸೆಂಟನ್ನು ಅವನ ಮುಖಕ್ಕೆ ಪುಸಪುಸನೆ ಹೊಡೆದಳು. ಮೆಕ್ಯಾನಿಕ್ ಹೇಗೋ ಬಿಡಿಸಿಕೊಂಡು ಸೆನ್ಸರ್ ಬಳಿಗೆ ತೆವಳಿದ. ಅದು ಕಿವಿ ಕಿತ್ತುಹೋಗುವಂತೆ ಕೂಗಿತು. ಹಿಂದೆ ಸರಿದ, ತುಸು ಹೊತ್ತಿಗೆ ಸುಮ್ಮನಾಯಿತು. ಮತ್ತೆ ಹತ್ತಿರ ಹೋದ, ಮತ್ತೆ ಕೂಗಿತು.

"ನೋಡಿದ್ರಾ! ಇವನ ಮೈಯಿಂದ್ಲೇ ಗ್ಯಾಸ್ ಸೋರ್ತಿದೆ!" ಎಂದು ಸ್ಟೋರ್‌ಕೀಪರ್ ಎರಡು ಹೆಜ್ಜೆ ಹಿಂದೆ ಹಾರಿದ.

ಆದರೆ ಮೆಕ್ಯಾನಿಕ್‌ಗೆ ಗುಟ್ಟು ಹೊಳೆದಿತ್ತು. ಈ ಸೆನ್ಸರ್‌ಗೆ ಗ್ಯಾಸೂ ಒಂದೇ, ಸೆಂಟೂ ಒಂದೇ! ನೆಲ ಒರೆಸುವ ಅಕ್ಕನ ಬಕೆಟ್ ತಂದು ಪಕ್ಕದಲ್ಲಿಟ್ಟ. ಕೂಗಿತು. ಆಚೆಗೊಯ್ದ. ಸುಮ್ಮನಾಯಿತು. ಈ ತಿಂಗಳಷ್ಟೇ ತರಿಸಿದ್ದ ಘಮಘಮಿಸುವ ಫಿನಾಯಿಲ್‌ನದೇ ಕಿತಾಪತಿ! ಅವನಿಗೆ ಕುಣಿಯುವಷ್ಟು ಖುಷಿಯಾಯಿತು.

ವಿಷಯ ಕೇಳಿದ ಮ್ಯಾನೇಜರ್ ಮಾತ್ರ ಉರಿದುಬಿದ್ದರು. "ಫಿನಾಯಿಲ್‌ಗೂ ಗ್ಯಾಸ್‌ಗೂ ವ್ಯತ್ಯಾಸ ತಿಳಿಯದ ದಂಡಪಿಂಡ! ಆ ಸೆನ್ಸರನ್ನ ಕಿತ್ತು ಬಿಸಾಡು."

"ಸಾರ್, ಫಿನಾಯಿಲ್ ಬದಲಾಯಿಸಿದ್ರೆ ಸಾಕು. ಆಮೇಲೆ ತಿಂಗಳಿಗೊಂದ್ಸಲ ಚೂರು ಗ್ಯಾಸ್ ಬಿಟ್ಟು ಪರೀಕ್ಷೆ ಮಾಡ್ತಾ ಇರೋಣ. ಇದಿಲ್ಲದೆ, ನಿಜವಾಗ್ಲೂ ಸೋರಿದ್ರೆ ಗೊತ್ತಾಗೋದು ಹೇಗೆ?"

ಸ್ಟೋರ್‌ಕೀಪರ್ ಉಪಕಾರ ಮಾಡುವವನಂತೆ ಮುಂದೆ ಬಂದ. "ಅದಕ್ಕಿಂತ ಇವನೇ ವಾಸಿ ಸಾರ್. ಸುಮ್ಸುಮ್ನೆ ಕೂಗಲ್ಲ. ಗ್ಯಾಸ್ ಬಂತೋ, ದೊಪ್ಪಂತ ಬೀಳ್ತಾನೆ. ನಾನೇ ಕಣ್ಣಾರೆ ಕಂಡಿದೀನಿ."

ಮ್ಯಾನೇಜರ್ ಮೆಕ್ಯಾನಿಕ್‌ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ನಿನ್ನ ಕೆಲಸ ಎಲ್ಲೂ ಹೋಗಲ್ಲ ಬಿಡು," ಎಂದರು. ಮೆಕ್ಯಾನಿಕ್‌ಗೆ ಹೋದ ಜೀವ ಬಂದಂತಾಯಿತು. "ನಾಳೆಯಿಂದ ಆ ಸೆನ್ಸರ್ ಜಾಗದಲ್ಲಿ ಚಾಪೆ ಹಾಸ್ಕೊಂಡು ಮಲಗಿರು."

ಬಂದ ಜೀವ ಬಾಗಿಲಲ್ಲೇ ನಿಂತಿತು. ಮ್ಯಾನೇಜರ್ ಹೊರಡುತ್ತ ಸ್ಟೋರ್‌ಕೀಪರ್ ಕಡೆ ತಿರುಗಿದರು.

"ಆ ತಿಂಗಳ ಪರೀಕ್ಷೆ ಮಾತ್ರ ತಪ್ಪಿಸ್ಬೇಡ. ಗ್ಯಾಸ್ ಬಿಟ್ಟು ನೋಡು, ಬೀಳ್ತಾನೋ ಇಲ್ವೋ."