ಸ್ಪೇನ್ ಸಾಹೇಬರ ಮುಂದೆ ನನ್ನ ಕಂಠಪಾಠ

ನಾನು ಸ್ಪ್ಯಾನಿಷ್ ಪಂಡಿತನಾದದ್ದು ಹತ್ತೊಂಬತ್ತೇ ದಿನಗಳಲ್ಲಿ! ಆಗ ಕೆರೂರಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಸ್ಪೇನ್ ದೇಶದ ಸಾಹೇಬರೊಬ್ಬರು ಮುಂಬಯಿಯಿಂದ ಬಾದಾಮಿಯ ಗುಹೆ ನೋಡಲು ಬರುವವರಿದ್ದರು. ಅವರಿಗೆ ಇಂಗ್ಲಿಷು ಬಾರದಂತೆ. ಹುಬ್ಬಳ್ಳಿಯ ರದ್ದಿ ಅಂಗಡಿಯಲ್ಲಿ ಕೊಂಡ ಸ್ಪ್ಯಾನಿಷ್ ವ್ಯಾಕರಣವೊಂದು ನನ್ನಲ್ಲಿದೆ ಎಂಬ ಸುದ್ದಿ, ಬಾಗಲಕೋಟೆಯಲ್ಲಿದ್ದ ಶಾಲಾ ತಪಾಸಣೆಯ ಡಿಪಟಿ ಸಾಹೇಬರಿಗೆ ಮುಟ್ಟಿತು. ಮುಟ್ಟಿಸಿದವನು ನಾನೇ.

“ದುಭಾಷಿ ಆಗ್ತೀರೇನ್ರಿ ಮಾಸ್ತರ? ಸಾಹೇಬ್ರು ಖುಷಿ ಆದ್ರ ನಿಮ್ಮನ್ನ ಬಾಗಲಕೋಟಿಗೆ ವರ್ಗಾ ಮಾಡ್ತೇನಿ,” ಎಂದರು ಡಿಪಟಿ ಸಾಹೇಬರು.

ಬಾಗಲಕೋಟೆ ನನ್ನ ಹೆಂಡತಿ ಗಂಗವ್ವನ ತವರು. ಮದುವೆಯಾದ ಆರು ವರ್ಷಗಳಲ್ಲಿ ಆಕೆ ನನ್ನನ್ನು ಬೇಡಿದ್ದು ಆ ವರ್ಗಾವಣೆಯೊಂದನ್ನೇ. ಒಪ್ಪಿಕೊಂಡೆ.

ಪುಸ್ತಕದ ಮುಕ್ಕಾಲು ಭಾಗವನ್ನು ನನಗಿಂತ ಮೊದಲೇ ಗೆದ್ದಲು ಓದಿ ಮುಗಿಸಿತ್ತು. ಉಳಿದದ್ದು ಸರ್ವನಾಮಗಳ ಪಾಠ ಮಾತ್ರ. ನಾನು ಹೆದರಲಿಲ್ಲ. ಮಗ್ಗಿ ಉರು ಹೊಡೆದ ಬಾಯಿ ಇದು! ದಿನಾ ಬೆಳಿಗ್ಗೆ ಚಕ್ಕಳಮಕ್ಕಳ ಕೂತು, ಹಿಂದಕ್ಕೂ ಮುಂದಕ್ಕೂ ತೂಗುತ್ತ, “ಮೇ, ತೇ, ಲೋ, ಲಾ” ಎಂದು ರಾಗವಾಗಿ ಒಪ್ಪಿಸಿದೆ. ‘ಅದನ್ನು’ ಎಂಬುದು ಗಂಡು ಜಾತಿಯ ವಸ್ತುವಾದರೆ ಲೋ, ಹೆಣ್ಣಾದರೆ ಲಾ. ‘ನನಗೆ’ ಮೊದಲು ಬರಬೇಕು, ‘ಅದನ್ನು’ ಆಮೇಲೆ. ಎರಡೂ ಕ್ರಿಯಾಪದಕ್ಕಿಂತ ಮುಂಚೆ ಕೂರಬೇಕು. ಆಜ್ಞೆ ಮಾಡುವಾಗ ಮಾತ್ರ ಅದರ ಬಾಲಕ್ಕೆ ಅಂಟಿಕೊಳ್ಳಬೇಕು. “ದಾಮೆಲೋ!” ಎಂದರೆ “ಅದನ್ನು ನನಗೆ ಕೊಡು!” ಎಂಥ ಶಿಸ್ತಿನ ಭಾಷೆ!

“ನೀರಿಗೆ ಏನಂತಾರ್ರಿ?” ಎಂದು ಗಂಗವ್ವ ಕೇಳಿದಳು.

“ಅದು ಗೆದ್ದಲು ತಿಂದ ಭಾಗದಾಗ ಐತಿ.”

“ಊಟಕ್ಕ?”

“ಅದೂ ಅಲ್ಲೇ.”

“ಹಂಗಾರ ಆ ಗೆದ್ದಲನ್ನ ಕರ್ಕೊಂಡು ಹೋಗ್ರಿ. ಅದಕ್ಕ ನಿಮಗಿಂತ ಭಾಳ ಬರ್ತದ!”

ಬಾದಾಮಿ ಸ್ಟೇಷನ್ನಿನಲ್ಲಿ ಸಾಹೇಬರು ಇಳಿದರು. ಡಿಪಟಿ ಸಾಹೇಬರು ನನ್ನನ್ನು ಮುಂದಕ್ಕೆ ತಳ್ಳಿದರು. ಚೀಲ ಹೊರುವ ಸೌಜನ್ಯ ತೋರಿಸೋಣವೆಂದು ಗಂಟಲು ಸರಿಮಾಡಿಕೊಂಡು, ಶಾಲೆಯ ಧ್ವನಿಯಲ್ಲಿ, “ದಾಮೆಲೋ!” ಎಂದೆ.

ಸಾಹೇಬರು ಬೆಚ್ಚಿ ಚೀಲ ಕೊಟ್ಟರು. ಫಲಿಸಿತು!

ಅವರು ಏನೋ ಉದ್ದಕ್ಕೆ ಕೇಳಿದರು. ನನ್ನ ಬಳಿ ಇದ್ದ ಸರಕು ಒಂದೇ. “ದಾಮೆಲೋ!” ಕೊಡೆ ಬಂತು. ಮತ್ತೇನೋ ಅಂದರು. ಲಿಂಗದೋಷ ಬೇಡವೆಂದು ಈ ಸಲ “ದಾಮೆಲಾ!” ಎಂದೆ. ಟೊಪ್ಪಿಗೆ ಬಂತು. ಆಮೇಲೆ ಕೋಟು, ಕೈಕೋಲು, ಕೊನೆಗೆ ಸರಪಳಿ ಸಮೇತ ಗಡಿಯಾರ! ನನ್ನ ವಿದ್ವತ್ತಿಗೆ ಮೆಚ್ಚಿ ಬಹುಮಾನ ಕೊಡುತ್ತಿದ್ದಾರೆಂದು ಉಬ್ಬಿಹೋದೆ. ಅಷ್ಟರಲ್ಲಿ ಸಾಹೇಬರು ಎರಡೂ ಕೈ ಮೇಲೆತ್ತಿ, ಪಕ್ಕದಲ್ಲಿದ್ದ ಟಾಂಗಾದ ಹಸನಸಾಬನ ಕಡೆ ತಿರುಗಿ, ಅಚ್ಚ ಹಿಂದೂಸ್ತಾನಿಯಲ್ಲಿ, “ಭಾಯಿ, ಯೇ ಡಾಕು ಹೈ ಕ್ಯಾ?” ಎಂದರು. ನಾನು ದರೋಡೆಕೋರನೇ ಎಂದು!

“ನಹೀ ಸಾಬ್,” ಎಂದ ಹಸನಸಾಬ. “ಮಾಸ್ತರ್ ಹೈ!”

ಅಂದು ಗುಹೆಗಳಲ್ಲೆಲ್ಲ ದುಭಾಷಿಯಾದವನು ಹಸನಸಾಬ. ನಾನು ಚೀಲ ಹೊತ್ತೆ. ನನ್ನ ವರ್ಗಾವಣೆ ಮಣ್ಣುಪಾಲಾಯಿತೆಂದು, ಮನೆಗೆ ಹೋಗಿ ಗಂಗವ್ವನಿಗೆ ಹೇಗೆ ಮುಖ ತೋರಿಸಲೆಂದು, ನಿಜವಾಗಿಯೂ ಸಂಕಟಪಟ್ಟೆ.

ತಿಂಗಳೊಳಗೆ ಹುಕುಂ ಬಂತು. ಬಾಗಲಕೋಟೆಗೇ! ಡಿಪಟಿ ಸಾಹೇಬರು ಕಾರಣವನ್ನೂ ಬರೆದಿದ್ದರು: “ಸದರಿ ಮಾಸ್ತರರನ್ನು ದೂರದಲ್ಲಿ ಬಿಡುವುದು ಕ್ಷೇಮವಲ್ಲ. ನಮ್ಮ ಕಚೇರಿಯ ಎದುರಿನ ಶಾಲೆಯಲ್ಲಿ, ಅ ಆ ತಿದ್ದಿಸುವ ವರ್ಗಕ್ಕೆ ಹಾಕತಕ್ಕದ್ದು.”

ಗಂಗವ್ವ ಓಣಿಗೆಲ್ಲ ಸಕ್ಕರೆ ಹಂಚಿ, “ನಮ್ಮವರ ವಿದ್ಯಾ ನೋಡಿ ಕರಿಸ್ಕೊಂಡಾರ್ರಿ!” ಎಂದಳು. ನಾನು ಬಾಯಿ ಬಿಡಲಿಲ್ಲ. ಬಾದಾಮಿಯಲ್ಲಿ ಬಿಟ್ಟದ್ದೇ ಸಾಕಾಗಿತ್ತು!